ತಾಯಿ ಮಲಗಿದ್ದಾಗ ಇಟ್ಟ ಹೆಜ್ಜೆ

ನನ್ನ ಮೊಮ್ಮಗ ನಡೆದ. ಯಾರ ಕೈಯನ್ನೂ ಹಿಡಿಯದೆ, ಗೋಡೆಯ ಆಸರೆಯಿಲ್ಲದೆ, ಸಮುದ್ರದ ದಂಡೆಯ ಹಸಿ ಮರಳಿನ ಮೇಲೆ, ಎರಡೂ ಕೈ ಮೇಲೆತ್ತಿಕೊಂಡು, ಗದ್ದದ ತನಕ ಜೊಲ್ಲು ಸುರಿಸಿಕೊಂಡು ನಡೆದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಹೇಳುವಾಗ ನನ್ನ ಸ್ವರ ಸಣ್ಣಗಾಗುತ್ತದೆ. ಅಷ್ಟರೊಳಗೆ ಈ ಸಂತೋಷ ನಿಮಗೆ ಮುಟ್ಟಿರಲಿ. ಇದನ್ನು ಬರೆಯುವಾಗಲೂ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಒಂದು ಸಾಲು ಬರೆಯುವುದು, ಎದ್ದು ಹೋಗಿ ಅವನ ಕಾಲು ನೋಡಿ ಬರುವುದು, ಮತ್ತೆ ಇನ್ನೊಂದು ಸಾಲು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬರೆಯುವುದು ನಿಧಾನ, ಅದರ ಮೇಲೆ ಇದು ಬೇರೆ.

ಒಂದೂವರೆ ವರ್ಷದ ಕೂಸು ಅವನು. ಓರಗೆಯ ಮಕ್ಕಳೆಲ್ಲ ಓಣಿಯಲ್ಲಿ ಓಡಾಡುತ್ತಿದ್ದರೆ ಇವನು ಕೂತಲ್ಲೇ ಕೂತು ಲೋಕ ನೋಡುತ್ತಿದ್ದ. ಗೋಡೆ ಹಿಡಿದು ನಿಲ್ಲುತ್ತಿದ್ದ, ಮಂಚ ಹಿಡಿದು ಒಂದು ಸುತ್ತು ಬರುತ್ತಿದ್ದ, ಕೈ ಬಿಡಿಸಿದರೆ ದೊಪ್ಪನೆ ಕೂತುಬಿಡುತ್ತಿದ್ದ. ಶಿವಮೊಗ್ಗದ ಡಾಕ್ಟರು ಕಾಲನ್ನು ಎಳೆದು, ಮಡಿಸಿ, ನೋಡಿ, "ಏನೂ ತೊಂದರೆ ಇಲ್ಲಮ್ಮ, ಅವನಿಗೆ ಅವಸರ ಇಲ್ಲ ಅಷ್ಟೆ" ಎಂದು ಕಳಿಸಿದ್ದರು. ನಮ್ಮ ಓಣಿಯ ಹೆಂಗಸರು ಮಾತ್ರ ಡಾಕ್ಟರಿಗಿಂತ ಹೆಚ್ಚು ತಿಳಿದವರು. "ಎತ್ಕಂಡು ಎತ್ಕಂಡು ನೀವೇ ಕೆಡಿಸೀರಿ. ನೆಲಕ್ಕೆ ಬಿಟ್ರೆ ತಾನೇ ನಡೀತಾನೆ" ಎಂದು ನನಗೇ ಅನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಸೊಂಟ ಒಂದು ಕಡೆ ವಾಲಿರುವುದು ಅವನನ್ನು ಹೊತ್ತೇ.

ನಾವಿರುವುದು ಶಿಕಾರಿಪುರದಲ್ಲಿ. ಮಗನದು ಸುಟ್ಟುಹೋದ ಬೋರಿನ ಮೋಟರಿಗೆ ತಂತಿ ಸುತ್ತಿಕೊಡುವ ಅಂಗಡಿ. ಸೊಸೆ ಸೊರಬದ ಕಡೆಯ ಹುಡುಗಿ, ಅಂಜನಾಪುರದ ಆಚೆಗೆ ಒಂದು ಹಳ್ಳಿಯಲ್ಲಿ ಸರ್ಕಾರಿ ಶಾಲೆಯ ಟೀಚರು. ಮೊಮ್ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಬೆಳಿಗ್ಗೆ ಎಲ್ಲರೂ ಬಾಗಿಲು ದಾಟಿದ ಮೇಲೆ ಮನೆಯಲ್ಲಿ ಉಳಿಯುವವರು ನಾನು, ಕೂಸು, ಹಿತ್ತಿಲಲ್ಲಿ ಎಮ್ಮೆ, ಎಮ್ಮೆಯ ಹಿಂದೆ ನನ್ನ ಯಜಮಾನರು.

ಹೀಗಾಗಿ ಅವನ ಎಲ್ಲ ಮೊದಲುಗಳೂ ನನ್ನ ಪಾಲಿಗೇ ಬಂದವು. ಹಲ್ಲು ಬಂದದ್ದು ನನಗೆ ಗೊತ್ತಾಯಿತು. ರಾಗಿ ಸರಿ ತಿನ್ನಿಸುವಾಗ ಬಾಯೊಳಗೆ ಚಮಚ ಟಿಣ್ ಎಂದಿತು. ಮೊದಲ ಸಲ ಬೋರಲು ಬಿದ್ದದ್ದು ನನ್ನ ಹಳೇ ಸೀರೆಯ ಮೇಲೆ. ಮೊದಲು ಆಡಿದ ಮಾತು "ಅಜ್ಜಿ". ಅದಕ್ಕೆ ನಾನೇನು ಮಾಡಲಿ? ಸಂಜೆ ಸೊಸೆ ಬಸ್ಸಿಳಿದು ಬರುವುದನ್ನೇ ಕಾಯುತ್ತಿದ್ದು ಬಾಗಿಲಲ್ಲೇ ಸುದ್ದಿ ಸುರಿಯುತ್ತಿದ್ದೆ. ಅವಳು ಚಪ್ಪಲಿ ಬಿಡುತ್ತ "ಹೌದಾ ಅತ್ತೆ!" ಎಂದು ನಗುತ್ತಿದ್ದಳು. ಆ ನಗು ಮುಖದ ಮೇಲೆ ಸರಿಯಾಗಿ ನಿಲ್ಲುವ ಮೊದಲೇ ಇಳಿದುಹೋಗುತ್ತಿತ್ತು. ನಾನು ನೋಡಿಯೂ ನೋಡದ ಹಾಗೆ ಕಾಫಿಗೆ ನೀರಿಡಲು ಒಳಗೆ ಹೋಗುತ್ತಿದ್ದೆ.

ಒಂದು ಸಂಜೆ ಅವಳೇ ಬಾಗಿಲಲ್ಲಿ ಕೇಳಿದಳು. "ಇವತ್ತೇನಾದ್ರೂ ನಡೆದ್ನಾ ಅತ್ತೆ?"

"ಇಲ್ಲ ಕಣವ್ವ. ಕೂತ್ಗಂಡೇ ಅದಾನೆ."

"ಸದ್ಯ" ಎಂದಳು. ಎಂದವಳು ನನ್ನ ಮುಖ ನೋಡಿ ನಾಲಗೆ ಕಚ್ಚಿಕೊಂಡಳು. "ಹಂಗಲ್ಲ ಅತ್ತೆ, ನಡೀಬಾರ್ದು ಅಂತಲ್ಲ. ಹಲ್ಲು ನಾನು ನೋಡ್ಲಿಲ್ಲ, ಮಾತು ಕೇಳ್ಲಿಲ್ಲ. ಊರ ಮಕ್ಕಳಿಗೆಲ್ಲ ಅ ಆ ಇ ಈ ತಿದ್ದಿಸಿ ಬರ್ತೀನಿ, ನನ್ನ ಮಗನ್ದು ಎಲ್ಲ ಆಗಿ ಮುಗಿದಿರುತ್ತೆ. ಹೆಜ್ಜೆ ಒಂದನ್ನಾದ್ರೂ ನಾನೇ ಮೊದ್ಲು ನೋಡ್ಬೇಕು. ಇದೊಂದು ನನಗಿರ್ಲಿ."

"ನಿಂಗೇ ಇರ್ಲಿ ಬಿಡವ್ವ. ನಾನೇನು ಕಸ್ಕಂತೀನಾ?" ಎಂದೆ.

ಕಸಿದುಕೊಂಡೆ.

ಸಮುದ್ರಕ್ಕೆ ಹೋಗುವ ಯೋಚನೆ ಹುಟ್ಟಿದ್ದು ಆ ಮಾತಿನಿಂದಲೇ. ಶನಿವಾರ ರಜೆ ಹಾಕಿ, ಭಾನುವಾರ ಸೇರಿಸಿಕೊಂಡು, ಕುಮಟಾದ ಆಚೆ ಒಂದು ಸಣ್ಣ ದಂಡೆಯಲ್ಲಿ ರೂಮು ಹಿಡಿದು, ಎರಡು ದಿನ ಬೇರೆ ಕೆಲಸವೇ ಇಲ್ಲದೆ ಮಗನ ಎದುರು ಕೂರುವುದು ಎಂದು ಅವಳ ಲೆಕ್ಕಾಚಾರ. "ಮರಳಲ್ಲಿ ಬಿದ್ರೂ ಪೆಟ್ಟಾಗಲ್ಲ ಅತ್ತೆ. ಅಲ್ಲಿ ಹಿಡ್ಕಳಕ್ಕೆ ಗೋಡೆನೂ ಇಲ್ಲ, ಮಂಚನೂ ಇಲ್ಲ. ನಡೀಲೇಬೇಕು ಅವನು."

ನನ್ನ ಯಜಮಾನರು ಮಾತ್ರ ಒಪ್ಪಲಿಲ್ಲ. "ನೀರು ನೋಡಾಕೆ ಘಟ್ಟ ಯಾಕೆ ಇಳೀಬೇಕು? ಅಂಜನಾಪುರದ ಡ್ಯಾಮು ತುಂಬೇತಿ. ಬೆಳಿಗ್ಗೆ ಹೋಗಿ ನೋಡ್ಕಂಡು ಮಧ್ಯಾಹ್ನ ಊಟಕ್ಕೆ ಬರ್ರಿ."

"ಡ್ಯಾಮಲ್ಲಿ ಅಲೆ ಬರ್ತಾವಾ ಅಜ್ಜ?" ಎಂದಳು ಮೊಮ್ಮಗಳು.

"ಗಾಳಿ ಬಂದ್ರೆ ಬರ್ತಾವೆ."

"ಉಪ್ಪು ಇರುತ್ತಾ?"

"ಮನೇಲಿ ಉಪ್ಪಿಲ್ಲೇನು? ಒಂದು ಹಿಡಿ ಒಯ್ದು ಹಾಕು." ಹೀಗೆ ಎಲ್ಲರನ್ನೂ ನಗಿಸಿ, ಎಮ್ಮೆ ತನ್ನ ಕೈಗಲ್ಲದೆ ಇನ್ನೊಬ್ಬರ ಕೈಗೆ ಹಾಲು ಬಿಡುವುದಿಲ್ಲ ಎಂಬ ನೆವ ಹೇಳಿ ಅವರು ಊರಲ್ಲೇ ಉಳಿದರು. ಬರುವಾಗ ನಾವು ಸೊರಬದಲ್ಲಿ ಸೊಸೆಯ ತವರುಮನೆಗೆ ಹೋಗಿ ಭಾನುವಾರ ರಾತ್ರಿಯ ಊಟ ಅಲ್ಲೇ ಮಾಡುವುದು, ಅವರು ಬೇಗ ಹಾಲು ಹಿಂಡಿಟ್ಟು ಬಸ್ಸಿಗೆ ಅಲ್ಲಿಗೇ ಬರುವುದು ಎಂದು ಮಾತಾಯಿತು.

ಸಮುದ್ರವನ್ನು ನಾನು ಟಿವಿಯಲ್ಲಿ ನೋಡಿದ್ದೆ. ಟಿವಿಯಲ್ಲಿ ಅದಕ್ಕೆ ವಾಸನೆ ಇರಲಿಲ್ಲ, ಸದ್ದೂ ಅಷ್ಟು ಇರಲಿಲ್ಲ. ಮಗನ ಕಾರಿನಲ್ಲಿ ಘಟ್ಟ ಇಳಿಯುವಾಗ ತಿರುವುಗಳಲ್ಲಿ ಮೊಮ್ಮಗಳು ವಾಂತಿ ಮಾಡಿಕೊಂಡು, ನಾನು ನಿಂಬೆಹಣ್ಣು ಮೂಸಿಕೊಂಡು, ಅಂತೂ ಶನಿವಾರ ಹೊತ್ತು ಇಳಿಯುವುದರೊಳಗೆ ಮುಟ್ಟಿದೆವು. ನೀರಿಗೆ ಕಾಲಿಟ್ಟೆ. ಅಲೆ ಬಂದಾಗ ಏನೂ ಆಗಲಿಲ್ಲ, ವಾಪಸು ಹೋಗುವಾಗ ಪಾದದ ಅಡಿಯ ಮರಳನ್ನು ಎಳೆದುಕೊಂಡು ಹೋಯಿತು. ಮಗನ ಭುಜ ಗಟ್ಟಿಯಾಗಿ ಹಿಡಿದು "ಭೂಮಿ ಜಾರ್ತೈತೋ!" ಎಂದು ಕೂಗಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂಗಡಿ, ಕರೆಂಟು, ಗಿರಾಕಿಗಳ ಫೋನು ಇವುಗಳ ನಡುವೆ ನನ್ನ ಮಗ ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತು. ಆಮೇಲೆ ನಾನು ನೀರು ಬಿಟ್ಟು ಬರಲೇ ಇಲ್ಲ. ಸೀರೆ ಮೊಣಕಾಲಿಗೆ ಸಿಕ್ಕಿಸಿಕೊಂಡು ಮೊಮ್ಮಗಳ ಜೊತೆ ಕುಣಿದೆ. ಮನೆಯಿಂದ ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾಚಟ್ನಿ, ಮೊಸರನ್ನ ಎಲ್ಲದರಲ್ಲೂ ಮರಳು ಕರಕರ ಅಂತಿತ್ತು. ಹಾಗೇ ತಿಂದೆವು.

ಸೊಸೆ ಮಾತ್ರ ನೀರಿಗೆ ಇಳಿಯಲಿಲ್ಲ. ಕೂಸನ್ನು ಎದುರಿಗೆ ನಿಲ್ಲಿಸಿ, ತಾನು ಹಿಂದಕ್ಕೆ ಸರಿದು ಕೂತು, ಎರಡೂ ಕೈ ಚಾಚಿ "ಬಾ ಬಂಗಾರ, ಬಾ" ಎಂದು ಕರೆದಳು. ಅವನು ಕೂತುಬಿಟ್ಟ. ಮತ್ತೆ ನಿಲ್ಲಿಸಿದಳು. ಮತ್ತೆ ಕೂತ. ಒಂದು ಹಿಡಿ ಮರಳು ಬಾಯಿಗೆ ಹಾಕಿಕೊಂಡ. ಬೆರಳು ಹಾಕಿ ತೆಗೆದಳು. ಹೊತ್ತು ಮುಳುಗಿ ಅವಳ ಮುಖ ಕಾಣದಷ್ಟು ಕತ್ತಲಾಗುವ ತನಕ ಕರೆಯುತ್ತಲೇ ಇದ್ದಳು. ಬೇಸರವೇನೂ ಮಾಡಿಕೊಳ್ಳಲಿಲ್ಲ. "ನಾಳೆ ನೋಡ್ತಿರಿ ಅತ್ತೆ, ನಡದೇ ನಡೀತಾನೆ" ಎಂದಳು.

ಹೊಸ ಜಾಗ ಅಂತ ಕೂಸು ಆ ರಾತ್ರಿ ಅತ್ತಿತು. ಅವಳೇ ಹೆಗಲ ಮೇಲೆ ಹಾಕಿಕೊಂಡು ಓಡಾಡಿದಳು. ಬೆಳಕು ಹರಿಯುವಾಗ ಕಣ್ಣು ಮುಚ್ಚಿದಳು. ಆಗ ಕೂಸು ಎದ್ದಿತು. ಮಗ ಮೊದಲೇ ಎದ್ದು ಹಾಲು, ಚಹಾ ತರಲೆಂದು ಊರೊಳಗೆ ಹೋಗಿದ್ದ. ಇವಳು ಸ್ವಲ್ಪ ಮಲಗಲಿ ಎಂದು ನಾನು ಕೂಸನ್ನು ಎತ್ತಿಕೊಂಡು, ಮೊಮ್ಮಗಳನ್ನು ಕರೆದುಕೊಂಡು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ದಂಡೆಗೆ ಬಂದೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಏನೂ ಕೆಟ್ಟದ್ದಿರಲಿಲ್ಲ.

ಬಿಸಿಲು ಇನ್ನೂ ಬಂದಿರಲಿಲ್ಲ. ದಂಡೆಯ ಮೇಲೆ ಒಂದು ದೋಣಿ ಬೋರಲು ಹಾಕಿತ್ತು. ಕೂಸನ್ನು ಅದಕ್ಕೆ ಒರಗಿಸಿ ನಿಲ್ಲಿಸಿ, ನಾನು ಸ್ವಲ್ಪ ದೂರದಲ್ಲಿ ಕಾಲು ಚಾಚಿ ಕೂತೆ. ಮೊಮ್ಮಗಳು ನನ್ನ ಪಾದದ ಮೇಲೆ ಮರಳು ಬಡಿದು ಗೂಡು ಮಾಡುತ್ತಿದ್ದಳು. ಅಷ್ಟರಲ್ಲಿ ದೋಣಿಯ ಅಡಿಯಿಂದ ಒಂದು ಏಡಿ ಹೊರಬಂತು. ಬೆರಳಿನ ಉಗುರಿನಷ್ಟು ಏಡಿ. ಅದು ಅಡ್ಡಡ್ಡ ಓಡಿತು. ನಮ್ಮ ಕೂಸು "ಹಾ!" ಎಂದಿತು. ದೋಣಿ ಬಿಟ್ಟಿತು. ಏಡಿಯ ಹಿಂದೆ ಹೊರಟಿತು.

ಕೂಗಿದರೆ ಎಲ್ಲಿ ಬೀಳುತ್ತದೋ ಎಂದು ಬಾಯಿಗೆ ಸೆರಗು ಒತ್ತಿಕೊಂಡೆ. ಏಡಿ ತನ್ನ ತೂತಿನೊಳಗೆ ಹೋಯಿತು. ಕೂಸು ನಿಂತು ತೂತನ್ನು ನೋಡಿತು, ನನ್ನನ್ನು ನೋಡಿತು, ಕೈ ಮೇಲೆತ್ತಿ ನನ್ನ ಕಡೆಗೆ ತಿರುಗಿ ಬಂತು. ಎಷ್ಟು ಹೆಜ್ಜೆ ಎಂದು ನಾನು ಎಣಿಸಲಿಲ್ಲ, ಎಣಿಸುವ ಹೊತ್ತೇ ಅದು? ಬಂದು ನನ್ನ ಮಡಿಲಿಗೆ ಬಿತ್ತು. ಗೂಡು ಮುರಿಯಿತು. ಮೊಮ್ಮಗಳು "ನಡೆದ! ತಮ್ಮ ನಡೆದ!" ಎಂದು ಚಪ್ಪಾಳೆ ಹೊಡೆದಳು. ನಾನು ಅವನ ಕಾಲಿಗೆ, ಹೊಟ್ಟೆಗೆ, ಮರಳು ಮೆತ್ತಿದ ಕೆನ್ನೆಗೆ ಮುತ್ತಿಟ್ಟೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ಗೊತ್ತಿಲ್ಲ.

ಅವನನ್ನು ಎತ್ತಿಕೊಂಡು, ಮೊಮ್ಮಗಳನ್ನು ಕರೆದುಕೊಂಡು ರೂಮಿನ ಕಡೆಗೆ ಓಡಿದೆ. ಬಾಗಿಲ ಮುಂದೆ ನಿಂತೆ. ತಟ್ಟಲೆಂದು ಕೈ ಎತ್ತಿದೆ.

ಎತ್ತಿದ ಕೈ ಇಳಿಸಿದೆ. ಅವಳು ಮಲಗಿದ್ದಾಳೆ, ಪಾಪ, ಎಂದು ನನಗೆ ನಾನೇ ಹೇಳಿಕೊಂಡೆ. ಆ ಪಾಪ ಎನ್ನುವ ಮಾತು ಸುಳ್ಳಲ್ಲ. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಬಾಗಿಲು ತೆರೆದ ಕೂಡಲೇ ಈ ಸಂತೋಷ ಅವಳದಾಗಿಬಿಡುತ್ತದೆ, ಒಂದು ಗಳಿಗೆ ನನ್ನ ಹತ್ತಿರವೇ ಇರಲಿ ಎಂದಿತ್ತು. ಕೂಸು ನನ್ನ ಹೆಗಲಿನ ಮೇಲೆ ಬಿಸಿಯಾಗಿ ಉಸಿರಾಡುತ್ತಿತ್ತು. ನಾನು ಹೆಜ್ಜೆಯ ಸದ್ದಾಗದ ಹಾಗೆ ಹಿಂದಕ್ಕೆ ಬಂದೆ.

ಆ ಒಂದು ಗಳಿಗೆ ಮುಗಿದ ಮೇಲೆ ಬಾಗಿಲು ತಟ್ಟುವುದು ಕಷ್ಟವಾಯಿತು. ಆಗಲೇ ಯಾಕೆ ಎಬ್ಬಿಸಲಿಲ್ಲ ಎಂದು ಕೇಳಿದರೆ? ಆಗ ಹೊಳೆಯಿತು, ಹೇಳುವುದೇ ಬೇಡ. ಹೇಗೂ ನಡೆಯಲು ಕಲಿತಾಯಿತು, ಇನ್ನೇನು ಅವಳ ಎದುರಿಗೂ ನಡೆಯುತ್ತಾನೆ, ಅದೇ ಮೊದಲನೆಯದು ಎಂದಾಗುತ್ತದೆ. ಮೊಮ್ಮಗಳನ್ನು ಹತ್ತಿರ ಕರೆದೆ. "ಅಮ್ಮಂಗೆ ಹೇಳ್ಬ್ಯಾಡ ಪುಟ್ಟಿ. ಐಸ್‌ಕ್ರೀಮ್ ಕೊಡಿಸ್ತೀನಿ."

"ಯಾಕೆ ಹೇಳ್ಬಾರ್ದು?"

"ಅಮ್ಮನೇ ನೋಡ್ಲಿ ಅಂತ."

ಅವಳಿಗೆ ಅದು ಅರ್ಥವಾಗಲಿಲ್ಲ. ಐಸ್‌ಕ್ರೀಮ್ ಅರ್ಥವಾಯಿತು.

ಮೊಮ್ಮಗಳ ಬಾಯಿ ಕಟ್ಟಿದವಳಿಗೆ ನನ್ನ ಬಾಯಿ ಕಟ್ಟಲಾಗಲಿಲ್ಲ. ಸೊಂಟದಲ್ಲಿದ್ದ ಬಟನ್ ಫೋನು ತೆಗೆದು ಮನೆಗೆ ಮಾಡಿದೆ. "ಏನ್ರೀ, ನಡೆದ!"

"ಯಾರು?" ಎಂದರು ಯಜಮಾನರು.

"ಇನ್ಯಾರು? ನಮ್ಮ ಕೂಸು! ಯಾರನ್ನೂ ಹಿಡೀದಂಗೆ!"

ಅವರು ಫೋನು ದೂರ ಹಿಡಿದು ಯಾರಿಗೋ ಹೇಳುವುದು ಕೇಳಿತು. "ಕೇಳಿದೇನೇ? ನಡೆದ್ನಂತೆ ಕಣೇ!"

"ಯಾರ ಹತ್ರ ಮಾತಾಡ್ತೀರಿ?"

"ಎಮ್ಮೆ ಹತ್ರ."

"ಎಮ್ಮೆಗೆ ಬೇಕಾದ್ರೆ ಹೇಳ್ರಿ, ಮತ್ಯಾರಿಗೂ ಹೇಳ್ಬ್ಯಾಡ್ರಿ. ಅವನ ತಾಯಿ ಇನ್ನೂ ನೋಡಿಲ್ಲ."

"ಆತಲೇ. ನಾನ್ಯಾರಿಗೆ ಹೇಳ್ಲಿ?" ಎಂದರು.

ಬಿಸಿಲೇರಿದ ಮೇಲೆ ಸೊಸೆ ಕೂದಲು ಗಂಟು ಹಾಕಿಕೊಳ್ಳುತ್ತ ಹೊರಗೆ ಬಂದಳು. "ಎಷ್ಟು ಹೊತ್ತು ಮಲಗಿಬಿಟ್ಟೆ! ಎಬ್ಬಿಸೋದಲ್ವಾ ಅತ್ತೆ? ಏನ್ ಮಾಡಿದ ಇವನು?"

"ಏನಿಲ್ಲ. ಮರಳು ತಿಂದ" ಎಂದೆ. ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಅಲೆಗಳನ್ನು ನೋಡಿದೆ.

ಆಮೇಲಿನ ಬೆಳಗೆಲ್ಲ ನನಗೆ ಸಮುದ್ರ ಕಾಣಲೇ ಇಲ್ಲ. ಕೂಸನ್ನು ಸೊಸೆಯ ಎದುರು ನಿಲ್ಲಿಸುವುದೇ ಕೆಲಸ. ದೋಣಿಗೆ ಒರಗಿಸಿದೆ. ಅವನ ಎದುರು ಬಿಸ್ಕತ್ತು ಹಿಡಿದೆ. ಏಡಿ ಹುಡುಕಿಕೊಂಡು ಹೋದೆ; ಬೇಕಾದಾಗ ಒಂದು ಏಡಿಯೂ ಇಲ್ಲ. ಸೊಸೆ ಕೈ ಚಾಚಿ ಕರೆದಾಗಲೆಲ್ಲ ಅವನು ನಗುತ್ತಾ ಕೂತುಬಿಡುತ್ತಿದ್ದ. "ಬೆಳಿಗ್ಗೆ ನಡೆದ್ಯಲ್ಲೋ" ಎನ್ನುವ ಮಾತು ನನ್ನ ಹಲ್ಲಿನ ತುದಿಗೆ ಬಂದು ನಿಂತಿರುತ್ತಿತ್ತು.

"ಅವ್ವ, ಅವನ್ನ ನಿಲ್ಸಿ ನಿಲ್ಸಿ ಯಾಕೆ ಕಾಡ್ತೀಯ? ನೀನು ಆರಾಮಾಗಿ ಕೂತ್ಕ, ಅದಕ್ಕೇ ಬಂದಿದ್ದು" ಎಂದ ಮಗ.

ಸೊಸೆಯೂ ಹಾಗೇ ಅಂದಳು. "ಬಿಡಿ ಅತ್ತೆ. ಅವನಿಗೆ ಮನಸ್ಸು ಬಂದ ದಿನ ನಡೀತಾನೆ. ನಾನು ಮನೇಲಿರೋ ಹೊತ್ತಲ್ಲಿ ನಡೆದ್ರೆ ಸಾಕು."

ಹೊರಡುವ ಮೊದಲು ಅವಳು ಕೂಸನ್ನು ಕಾರಿನ ಸೀಟಿನ ತುದಿಗೆ ಕೂರಿಸಿಕೊಂಡು ಪಾದದ ಮರಳು ಒರೆಸಿದಳು. ಒಂದೊಂದೇ ಬೆರಳನ್ನು ಬಿಡಿಸಿ, ಸಂದಿಯಲ್ಲಿ ಊದಿ, ಸೆರಗಿನ ತುದಿಯಿಂದ ಒರೆಸಿದಳು. "ಯಾವಾಗೋ ನಡೆಯೋದು ನೀನು, ಹಾಂ?" ಎಂದು ಪಾದಕ್ಕೆ ಮುತ್ತು ಕೊಟ್ಟಳು. ನಾನು ಕಾರಿನ ಆ ಬದಿಗೆ ಹೋಗಿ ನಿಂತೆ. ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ.

ದಾರಿಯಲ್ಲಿ ಮೊಮ್ಮಗಳಿಗೆ ಕೊಟ್ಟ ಮಾತು ಉಳಿಸಿಕೊಂಡೆ. "ವಾಂತಿ ಮಾಡೋ ಹುಡುಗಿಗೆ ಐಸ್‌ಕ್ರೀಮ್ ಯಾಕವ್ವ?" ಎಂದ ಮಗ. "ಕೇಳಿದ್ಲು" ಎಂದೆ. ಅವಳು ಕೇಳಿರಲಿಲ್ಲ. ಒಂದು ಸುಳ್ಳಿನ ಹಿಂದೆ ಇನ್ನೊಂದು.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ನಮ್ಮ ಮನೆಯಲ್ಲೂ ಬೀಗರ ಮನೆಯಲ್ಲೂ ಮಗು ಮೊದಲ ಹೆಜ್ಜೆ ಇಟ್ಟರೆ ತಾಯಿಯ ತವರಿನವರು ಹೂರಣದ ಕಡುಬು ಮಾಡುತ್ತಾರೆ. ಅದನ್ನು ಹೆಜ್ಜೆಗಡುಬು ಅನ್ನುತ್ತೇವೆ. ಬಾಳೆ ಎಲೆಯ ಮೇಲೆ ಎರಡು ಸಾಲು ಕಡುಬು ಇಟ್ಟು, ನಡುವೆ ಮಗುವನ್ನು ನಡೆಸಿ, ಆಮೇಲೆ ಮನೆಮಂದಿಯೆಲ್ಲ ಕೂತು ತಿನ್ನಬೇಕು. ಗಂಡನ ಮನೆಯ ಹಿರಿಯರು ತವರಿಗೆ ಸುದ್ದಿ ಮುಟ್ಟಿಸಬೇಕು, ಅದೂ ಅವತ್ತಿಗವತ್ತೇ. ನನ್ನ ಯಜಮಾನರಿಗೆ ಯಾರಿಗೂ ಹೇಳಬೇಡಿ ಎಂದಿದ್ದೆನಲ್ಲ, ಆ ಯಾರಿಗೂ ಎನ್ನುವುದರಲ್ಲಿ ತವರಿನವರು ಬರುತ್ತಾರೆಂದು ಅವರಿಗೆ ತೋಚಲೇ ಇಲ್ಲ. ತವರಿಗೆ ಹೇಳುವುದು ಅವರ ಪಾಲಿಗೆ ಹೇಳುವುದೇ ಅಲ್ಲ, ಮಾಡಬೇಕಾದ ಕೆಲಸ.

ಸೊರಬ ಮುಟ್ಟಿದಾಗ ಸಂಜೆಯ ದೀಪ ಹಚ್ಚುವ ಹೊತ್ತು. ಕಾರು ನಿಂತ ಕೂಡಲೇ ಬೀಗಿತ್ತಿ ಜರಿ ಅಂಚಿನ ಸೀರೆ ಉಟ್ಟು, ಕೈಯಲ್ಲಿ ಆರತಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ಅವರ ಹಿಂದೆ ಬೀಗರು. ಬೀಗರ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನ್ನ ಯಜಮಾನರು, ಮುಖದ ತುಂಬ ನಗು. ಹೊಸ್ತಿಲ ಒಳಗೆ ಬಾಳೆ ಎಲೆ, ಅದರ ಮೇಲೆ ಎರಡು ಸಾಲು ಕಡುಬು.

"ಏನಮ್ಮ ಇದೆಲ್ಲ? ಯಾರ್ ಬಂದಿದಾರೆ?" ಎಂದಳು ಸೊಸೆ, ಕೂಸನ್ನು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತ.

"ಎಂತ ಕೇಳ್ತೀಯ ಮಾರಾಯ್ತಿ! ಮಗ ನಡೆದ ಅಂತ ನಿಮ್ಮ ಮಾವ ಬೆಳಿಗ್ಗೆನೇ ಫೋನ್ ಮಾಡಿದ್ರು. ನೀನೂ ಮಾಡ್ತಿ ಅಂತ ನಾ ಕಾದೇ ಕಾದೆ. ಹಡೆದೋಳಿಗೆ ಒಂದು ಮಾತು ಹೇಳ್ಬೇಕು ಅನಿಸ್ಲಿಲ್ವನೇ?"

ಸೊಸೆ ತನ್ನ ಗಂಡನನ್ನು ನೋಡಿದಳು. ಅವನು ನನ್ನನ್ನು ನೋಡಿದ. ಯಾರೂ ಮಾತಾಡುವ ಮೊದಲೇ ಮೊಮ್ಮಗಳು ನನ್ನ ಸೆರಗು ಜಗ್ಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಾನು ಹೇಳಿಲ್ಲ ಅಜ್ಜಿ!"

ಬೀಗಿತ್ತಿಯ ಕೈಯ ತಟ್ಟೆ ಸ್ವಲ್ಪ ಕೆಳಗಿಳಿಯಿತು. ಯಜಮಾನರ ನಗು ಎಲ್ಲಿ ಹೋಯಿತೋ. ಸೊಸೆ ನನ್ನ ಕಡೆ ತಿರುಗಲಿಲ್ಲ. "ಆರತಿ ಮಾಡಮ್ಮ, ಗಾಳಿಗೆ ಆರಿಹೋಗುತ್ತೆ" ಎಂದಳಷ್ಟೆ.

ಆರತಿಯಾಯಿತು. ಕೂಸನ್ನು ಕಡುಬಿನ ಸಾಲಿನ ನಡುವೆ ನಿಲ್ಲಿಸಿದರು. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ದೊಪ್ಪನೆ ಕೂತ, ಒಂದು ಕಡುಬು ಎತ್ತಿ ಬಾಯಿಗಿಟ್ಟ. ಬೀಗರು ಜೋರಾಗಿ ನಕ್ಕರು, ಉಳಿದವರೂ ನಕ್ಕರು. ಸೊಸೆ ಅವನ ಬಾಯಿ ಒರೆಸಿ, ಗಂಡನ ಕೈಗೆ ಕೊಟ್ಟು, ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ನಾನೂ ಹಿಂದೆ ಹೋದೆ. ನೀರಿನ ತೊಟ್ಟಿಯ ಹತ್ತಿರ ಅವಳು ಪಾದದ ಮೇಲೆ ಚೊಂಬಿನಿಂದ ನೀರು ಸುರಿದುಕೊಳ್ಳುತ್ತಿದ್ದಳು.

"ಯಾವಾಗ ಅತ್ತೆ?"

"ಬೆಳಿಗ್ಗೆ. ನೀನು ಮಲಗಿದ್ಯಲ್ಲ, ಆವಾಗ."

"ಒಂದು ಕೂಗು ಹಾಕಿದ್ರೆ ಕೇಳ್ತಿತ್ತು ನನಗೆ."

"ಬಂದಿದ್ದೆ ಕಣವ್ವ. ಬಾಗಿಲ ತನಕ ಬಂದಿದ್ದೆ. ತಟ್ಟಾಕೆ ಕೈನೂ ಎತ್ತಿದ್ದೆ."

"ಮತ್ತೆ?"

ನಿನ್ನ ನಿದ್ದೆ ಕೆಡಿಸಬಾರದು ಅಂತ ಎಂದು ಹೇಳಬಹುದಿತ್ತು. ಅವಳು ನಂಬುತ್ತಿದ್ದಳು ಕೂಡ. "ಒಂಚೂರು ಹೊತ್ತು ನನ್ನ ಹತ್ರನೇ ಇರ್ಲಿ ಅನಿಸ್ತು" ಎಂದೆ.

ಅವಳ ಕಾಲಿನಲ್ಲಿ ಮರಳು ಉಳಿದಿರಲಿಲ್ಲ. ಆದರೂ ಇನ್ನೊಂದು ಚೊಂಬು ನೀರು ಸುರಿದುಕೊಂಡಳು. "ದಿನಾ ನಿಮ್ಮ ಹತ್ರನೇ ಇರ್ತಾನಲ್ಲ ಅತ್ತೆ" ಎಂದಳು.

ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ನಾನಿಲ್ಲದಿದ್ದರೆ ನೀನು ಹೇಗೆ ಕೆಲಸಕ್ಕೆ ಹೋಗುತ್ತಿದ್ದೆ ಎಂಬ ಮಾತು ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ಅವಳು ಬೈಯಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದಕ್ಕೆ 'ತಪ್ಪಾಯ್ತು' ಎನ್ನುವುದು ಬಹಳ ಸಣ್ಣ ಮಾತು. ಅದನ್ನೂ ನಾನು ತಡವಾಗಿ ಹೇಳಿದೆ, ಅವಳು ಚೊಂಬು ಮಗುಚಿಟ್ಟು ಒಳಗೆ ಹೋಗುತ್ತಿದ್ದಾಗ, ಅವಳ ಬೆನ್ನಿಗೆ.

ಒಳಗೆ ಎಲೆ ಹಾಕಿದ್ದರು. ಎಲ್ಲರೂ ನೆಲದ ಮೇಲೆ ಎದುರುಬದುರು ಎರಡು ಸಾಲಾಗಿ ಕೂತೆವು. ಕಡುಬು, ಕೋಸಂಬರಿ, ಅನ್ನ, ಸಾರು. ಯಜಮಾನರೇ ಮೊದಲು ಕೆಮ್ಮಿ, "ತಪ್ಪೆಲ್ಲ ನಂದು. ಎಮ್ಮೆಗೆ ಹೇಳಿ ಸುಮ್ನಾಗ್ಬೇಕಿತ್ತು" ಎಂದರು.

"ಎಮ್ಮೆ ಯಾರಿಗೂ ಹೇಳ್ಲಿಲ್ಲ ನೋಡ್ರಿ, ನಿಮಗಿಂತ ಅದೇ ವಾಸಿ" ಎಂದರು ಬೀಗಿತ್ತಿ. ಮಗ ಅನ್ನ ಗಂಟಲಿಗೆ ಸಿಕ್ಕುವ ಹಾಗೆ ನಕ್ಕ. ಒಂದು ತುತ್ತಿನ ಮೇಲೆ ನನಗೆ ತಿನ್ನಲಾಗಲಿಲ್ಲ. ಎಲೆಯ ಮೇಲಿನ ಕಡುಬನ್ನು ನೋಡುತ್ತಾ ಕೂತಿದ್ದೆ. ಬೆಳಿಗ್ಗೆ ಅಷ್ಟು ಉಕ್ಕಿದ ಸಂತೋಷ ಈಗಲೂ ಒಳಗೆ ಉಕ್ಕುತ್ತಲೇ ಇತ್ತು, ಅದೇ ನನಗೆ ನಾಚಿಕೆ.

ಸೊಸೆ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಎದುರಿಗೇ ಕೂತಿದ್ದಳು. "ಹೇಳಿ ಅತ್ತೆ" ಎಂದಳು. "ಹೆಂಗೆ ನಡೆದ?"

"ಹಿಂಗೇ... ಮರಳಿನ ಮೇಲೆ..."

"ಹಂಗಲ್ಲ. ಮೊದ್ಲಿಂದ ಹೇಳಿ. ಯಾವ ಕಾಲು ಮುಂದಿಟ್ಟ?"

"ಬಲಗಾಲು ಅನ್ನಿ ಅಕ್ಕ" ಎಂದು ಬೀಗಿತ್ತಿ ಮೆಲ್ಲಗೆ ಅಂದರು.

"ಎಡಗಾಲು" ಎಂದೆ. ಅವತ್ತಿನ ಸುಳ್ಳು ಅವತ್ತಿಗೆ ಸಾಕಾಗಿತ್ತು.

"ಅವರಪ್ಪನ ಹಂಗೇ ಎಡಚ" ಎಂದಳು ಸೊಸೆ. ಅವಳ ತುಟಿಯ ತುದಿಯಲ್ಲಿ ಏನೋ ಅಲುಗಿತು. "ಆಮೇಲೆ?"

"ಏಡಿ ಹಿಂದೆ ಹೋದ ಅಮ್ಮ! ಇಷ್ಟೇ ಇಷ್ಟು ಏಡಿ!" ಎಂದು ಮೊಮ್ಮಗಳು ಉಗುರು ತೋರಿಸಿದಳು. ಅಷ್ಟು ಹೊತ್ತು ಬಾಯಿ ಕಟ್ಟಿಸಿಕೊಂಡಿದ್ದ ಹುಡುಗಿ, ಒಂದು ಸಲ ಬಿಟ್ಟದ್ದೇ ಸರಿ, ದೋಣಿ, ತೂತು, ಮುರಿದ ಗೂಡು ಎಲ್ಲವನ್ನೂ ಒಟ್ಟಿಗೆ ಹೇಳತೊಡಗಿದಳು. ಸೊಸೆ ಅವಳ ತಲೆ ನೇವರಿಸಿ, "ಇರು ಪುಟ್ಟಿ, ಅಜ್ಜಿ ಹೇಳ್ಲಿ. ಕೈ ಹೆಂಗಿತ್ತು ಅತ್ತೆ?" ಎಂದಳು.

ಬಾಯಲ್ಲಿ ಹೇಳಿ ಮುಗಿಯುವುದಲ್ಲ ಅದು. ಎಂಜಲು ಕೈಯಲ್ಲೇ ಎದ್ದೆ. ಊಟದ ಸಾಲಿನ ನಡುವೆ ನಿಂತು ಎರಡೂ ಕೈ ಮೇಲೆತ್ತಿ, ಹೊಟ್ಟೆ ಮುಂದೆ ಚಾಚಿ, "ಹಾ!" ಎಂದು, ವಾಲಿದ ಸೊಂಟದಲ್ಲಿ ಎಡಗಾಲು ಮುಂದಿಟ್ಟು ನಡೆದು ತೋರಿಸಿದೆ. ಕೂಸು ನನ್ನನ್ನು ನೋಡಿ ಕೇಕೆ ಹಾಕಿತು. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿ ಬಂದವು. ಕೈ ಎಂಜಲಾಗಿತ್ತು, ಒರೆಸಿಕೊಳ್ಳಲಿಲ್ಲ.

"ಆಮೇಲೆ?"

"ಆಮೇಲೆ ತಿರುಗಿ... ನನ್ನ ಹತ್ರ ಬಂದ. ಮಡಿಲಿಗೆ ಬಿದ್ದ."

ಅವಳು ಕೂಸಿನ ನೆತ್ತಿಯ ಮೇಲೆ ಗದ್ದ ಊರಿಕೊಂಡಳು. "ಆಮೇಲೆ?" ಎಂದಳು.

ಬಾಗಿಲ ತನಕ ಬಂದದ್ದು, ಕೈ ಎತ್ತಿದ್ದು, ಇಳಿಸಿದ್ದು, ಐಸ್‌ಕ್ರೀಮಿನ ಆಸೆ ತೋರಿಸಿದ್ದು ಎಲ್ಲವನ್ನೂ ಎಲ್ಲರ ಎದುರಿಗೆ ಹೇಳಿದೆ. ಮಗ ತಲೆ ತಗ್ಗಿಸಿ ಕೋಸಂಬರಿ ಕಲಸುತ್ತಿದ್ದ. ಬೀಗಿತ್ತಿ ಇನ್ನೊಂದು ಕಡುಬನ್ನು ನನ್ನ ಎಲೆಗೆ ಹಾಕಿದರು. ಸೊಸೆ ಕೂಸನ್ನು ಪಕ್ಕಕ್ಕೆ ಕೂರಿಸಿ, ಎದ್ದು ಕೈ ತೊಳೆದು ತುಪ್ಪ ತಂದಳು. ಅವಳಪ್ಪನಿಗೆ, ಮಾವನಿಗೆ, ಗಂಡನಿಗೆ, ಮಗಳಿಗೆ ಬಡಿಸುತ್ತಾ ಬಂದಳು. ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತಳು, ಆಮೇಲೆ ಬಗ್ಗಿ ಎರಡೂ ಕಡುಬಿನ ಮೇಲೆ ಹಾಕಿದಳು.

"ತಿನ್ನಿ, ಆರೋಗುತ್ತೆ" ಎಂದು ಹೋಗಿ ತನ್ನ ಎಲೆಯ ಮುಂದೆ ಕೂತಳು. ಕಡುಬು ಮುರಿದು ತುಪ್ಪದಲ್ಲಿ ಅದ್ದಿ ಒಂದು ಚೂರು ಮಗನ ಬಾಯಿಗೆ, ಒಂದು ಚೂರು ತನ್ನ ಬಾಯಿಗೆ ಇಟ್ಟುಕೊಂಡಳು. ನಾನೂ ಮುರಿದೆ. ಎಲ್ಲರೂ ತಿಂದೆವು.